ಹತ್ತು ಪೀಸ್ ನೋಡಿ ಲಾಟ್ ಪಾಸ್ ಅಂದ್ರ ಹೆಂಗ್ರಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಾಗ ಕ್ವಾಲಿಟಿ ಚೆಕಿಂಗ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ, ಈ ಸಲ ನೋಡಿದ್ರ ಹುಬ್ಬಳ್ಳಿ ಗೋಕುಲ ರೋಡ್, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ, ಬ್ಯಾಡಗಿ, ಗದಗ ಎಲ್ಲಾ ಕಡೆಯಿಂದ ಅದ ವಿಷಯ. ಎಲ್ಲಾರೂ ತಿರುವಿ ಮುರುವಿ ಕೇಳಿದ್ದು ಒಂದ, ಒಂದಿಷ್ಟು ಪೀಸ್ ನೋಡಿ ಪೂರಾ ಮಾಲಿನ ಬಗ್ಗೆ ಹೆಂಗ ಮಾತಾಡೂದು ಅಂತ. ನಾ ಬಾಳೆಲ್ಲಾ ಇನ್ಸ್ಪೆಕ್ಷನ್ ಟೇಬಲ್ ಮುಂದ ಕುಂತಾಂವ, ಪುಸ್ತಕದ ಭಾಷಾ ನಂಗ ಕಮ್ಮಿ, ಅದಕ್ಕ ‘ಪ್ರಾಕ್ಕಲ್ಪನೆ’ ಅಂತ ಬರೆಯೂ ಬದ್ಲಿ ಶಾಪ್‌ನ್ಯಾಗ ಅಂದಂಗ ಹೈಪಾಥಿಸಿಸ್ ಟೆಸ್ಟ್ (ಒಂದು ಮಾತು ಹಿಡಿದು ಅದನ್ನ ಸ್ಯಾಂಪಲ್ ಜೊತೆ ತಾಳೆ ನೋಡೂದು) ಅಂತನ ಬರೀತೀನಿ, ಬೇಜಾರಾಗಬ್ಯಾಡ್ರಿ.

ಪ್ರಶ್ನೆ: ಸರ್, ಬ್ಯಾಡಗಿ ಹತ್ರ ನಮ್ದೊಂದು ಸಣ್ಣ ಖಾರಪುಡಿ ಯುನಿಟ್ ಐತಿ. 200 ಗ್ರಾಂ ಪ್ಯಾಕೆಟ್. ಹೊಸ ಫಿಲ್ಲಿಂಗ್ ಮಷಿನ್ ಕೂಡಿಸಿದ ಮ್ಯಾಲ ತೂಕ ಕಮ್ಮಿ ಬೀಳಾಕತ್ತೈತಿ ಅಂತ ನನಗ ಸಂಶಯ, ಮಷಿನ್ ಕೊಟ್ಟಾಂವ ‘ಅಷ್ಟು ಹೆಚ್ಚು ಕಮ್ಮಿ ಇರೂದರಿ’ ಅಂತಾನ. 12 ಪ್ಯಾಕೆಟ್ ತೂಗಿ ಕಳಿಸೀನಿ, ಕವರ್ ತೂಕ ತೆಗೆದು: 199.2, 201.0, 198.6, 199.8, 200.4, 198.9, 199.5, 200.1, 198.3, 199.9, 199.0, 199.3. ಯಾರ ಮಾತು ಖರೇ?

ಉತ್ತರ: ನಿಮ್ದ ಖರೇ ಇರೂ ಹಂಗ ಕಾಣಿಸ್ತೈತಿ, ಆದ್ರ ಹೆಂಗ ಅಂತ ಒಂದೊಂದ ಮೆಟ್ಟಿಲು ಹತ್ತೂಣು, ಯಾಕಂದ್ರ ನಾಳೆ ಆ ಮಷಿನ್‌ನಾಂವ ಬಂದು ಎದುರು ಕುಂತಾಗ ‘ಪೇಪರ್‌ನ್ಯಾಗ ಬರೆದಿದ್ರು’ ಅಂದ್ರ ನಡಿಯೂದಿಲ್ಲ.

ಮೊದಲು ಒಂದು ಹಟದ ಮಾತು ಹಿಡೀಬೇಕು: ‘ಮಷಿನ್ ಸರಿ ಐತಿ, ಸರಾಸರಿ 200 ತುಂಬತೈತಿ’. ಇದು ಮಷಿನ್‌ನವನ ಮಾತು. ಇದಕ್ಕ ನಲ್ ಹೈಪಾಥಿಸಿಸ್ ಅಂತಾರ. ಇದನ್ನ ನಾವು ನಂಬೀವಿ ಅಂತಲ್ಲ, ಸ್ವಲ್ಪ ಹೊತ್ತು ಹೌದಪ್ಪ ಅಂತ ಒಪ್ಪಿಕೊಂಡು ಹಂಗಾದ್ರ ಈ 12 ತೂಕ ಹಿಂಗ್ಯಾಕ ಬಂದ್ವು ಅಂತ ಕೇಳೂದು. ನಿಮ್ಮ ತೂಕದ ಸರಾಸರಿ 199.5. ಅರ್ಧ ಗ್ರಾಂ ಕಮ್ಮಿ. ಇನ್ನ ಪ್ಯಾಕೆಟ್ ಪ್ಯಾಕೆಟ್ ನಡುವಿನ ಏರಿಳಿತ, ಅಂದ್ರ ಸ್ಟ್ಯಾಂಡರ್ಡ್ ಡೀವಿಯೇಶನ್, ಲೆಕ್ಕ ಮಾಡಿದ್ರ 0.78 ಗ್ರಾಂ ಬರ್ತೈತಿ. ಒಂದೊಂದ ಪ್ಯಾಕೆಟ್ ಅಷ್ಟು ಕುಣೀತೈತಿ, ಆದ್ರ 12ರ ಸರಾಸರಿ ಅಷ್ಟು ಕುಣಿಯೂದಿಲ್ಲ, ಒಂದರ ಹೆಚ್ಚು ಇನ್ನೊಂದರ ಕಮ್ಮಿ ಮುಚ್ಚಿ ಹೋಗ್ತೈತಿ, ಹಂಗಾಗಿ 0.78ನ್ನ 12ರ ವರ್ಗಮೂಲದಿಂದ ಭಾಗಿಸಬೇಕು, 0.225 ಆತು. ಈಗ ಅರ್ಧ ಗ್ರಾಂ ಕೊರತಿ ಈ 0.225ರ ಎಷ್ಟು ಪಟ್ಟು? 2.23 ಪಟ್ಟು. ಇದ ನೋಡ್ರಿ ಟಿ ವ್ಯಾಲ್ಯೂ ಅನ್ನೂದು.

ಟೇಬಲ್ ತೆಗೆದು ನೋಡಿದ್ರ, 12 ಸ್ಯಾಂಪಲ್‌ಗೆ (ಒಂದು ಕಳೆದು 11ರ ಸಾಲು ನೋಡಬೇಕು) ‘ಕಮ್ಮಿ ತುಂಬತೈತಾ’ ಅನ್ನೂ ಒಂದ ದಿಕ್ಕಿನ ಪ್ರಶ್ನೆಗೆ ಶೇ. 5ರ ಗೆರಿ 1.796. ನಿಮ್ದು ಅದನ್ನ ದಾಟೇತಿ. ಅಂದ್ರ ಮಷಿನ್ ಖರೇನ 200 ತುಂಬತಿದ್ರ ಇಷ್ಟು ಕಮ್ಮಿ ಸರಾಸರಿ ಬರೂದು ನೂರು ಸಲ ತೂಗಿದ್ರ ಎರಡು ಮೂರು ಸಲ ಮಾತ್ರ. ನಿಮ್ಮ ನಸೀಬದಾಗ ಅದ ಎರಡು ಮೂರರ ಒಳಗ ಒಂದು ಇವತ್ತ ಬಂತು ಅನ್ನೂದಕ್ಕಿಂತ ಮಷಿನ್ ಕಮ್ಮಿ ಹಾಕತೈತಿ ಅನ್ನೂದು ಹೆಚ್ಚು ನಂಬೂ ಮಾತು. ಆದ್ರ ಒಂದು ಪ್ರಾಮಾಣಿಕ ಮಾತೂ ಹೇಳಬೇಕು, ಶೇ. 1ರ ಗೆರಿ ಇಟ್ಟಿದ್ರ ಅದು 2.718, ಅದನ್ನ ನಿಮ್ದು ದಾಟಿಲ್ಲ. ಹಂಗಾಗಿ ಯಾವ ಗೆರಿ ಅನ್ನೂದನ್ನ ತೂಕ ಮಾಡೂಕಿಂತ ಮೊದ್ಲ ಹೇಳಿರಬೇಕು, ಆಮ್ಯಾಲ ಅಲ್ಲ. ಮಷಿನ್‌ನಾಂವ ಇದನ್ನ ಹಿಡ್ಕೊಂಡು ವಾದ ಮಾಡಿದ್ರ ಮತ್ತೊಂದು 25 ಪ್ಯಾಕೆಟ್ ಅವನ ಎದುರಿಗೇ ತೂಗ್ರಿ. ಅಂದಾಜು ಹೇಳಬೇಕಂದ್ರ, ಏರಿಳಿತ 0.8 ಇದ್ದಾಗ ಅರ್ಧ ಗ್ರಾಂ ಕೊರತಿನ ಹತ್ತರಾಗ ಒಂಬತ್ತು ಸಲ ಹಿಡಿಯಾಕ 24ರ ಹತ್ರ ಪ್ಯಾಕೆಟ್ ಬೇಕು. ಕಾಲು ಗ್ರಾಂ ಕೊರತಿ ಹಿಡೀಬೇಕಂದ್ರ ಅದರ ನಾಲ್ಕು ಪಟ್ಟು, ಎರಡು ಪಟ್ಟು ಅಲ್ಲ, ಇಲ್ಲೆ ಭಾಳ ಮಂದಿ ತಪ್ಪತಾರ.

ಅರ್ಧ ಗ್ರಾಂಗೆ ಇಷ್ಟು ರಾದ್ಧಾಂತ ಯಾಕ ಅಂದ್ರ, ಪ್ಯಾಕೆಟ್ ಮಾಲಿನ ಲೀಗಲ್ ಮೆಟ್ರಾಲಜಿ ನಿಯಮ (2011ರದು) ಎರಡು ಕಡೆಯಿಂದ ಹಿಡೀತೈತಿ. 200 ಗ್ರಾಂ ಪ್ಯಾಕೆಟ್ ಒಂದೊಂದ್ರಾಗ 9 ಗ್ರಾಂ ತನಕ ಹೆಚ್ಚು ಕಮ್ಮಿಗೆ ಅವಕಾಶ ಐತಿ, ನಿಮ್ದು ಅತೀ ಕಮ್ಮಿ 198.3, ಅದರ ಹತ್ರಾನೂ ಇಲ್ಲ, ಮಷಿನ್‌ನಾಂವ ‘ಹೆಚ್ಚು ಕಮ್ಮಿ ಇರೂದ’ ಅಂದದ್ದು ಇದನ್ನ. ಆದ್ರ ಸರಾಸರಿ ಮಾತ್ರ ಕವರ್ ಮ್ಯಾಲ ಬರೆದದ್ದಕ್ಕಿಂತ ಕಮ್ಮಿ ಇರಬಾರದು, ನಿಮಗ ತೊಂದರೆ ಆಗೂದು ಅಲ್ಲೆ. ಅಂದಹಾಗೆ ಹತ್ತು ಸಾವಿರ ಪ್ಯಾಕೆಟ್‌ಗೆ ಇದು 5 ಕೆಜಿ ಖಾರಪುಡಿ, ಬ್ಯಾಡಗಿ ಮೆಣಸಿನಕಾಯಿ ರೇಟ್ ನಿಮಗ ನಾ ಹೇಳಬೇಕಾ.

ಈ ಸಣ್ಣ ಸ್ಯಾಂಪಲ್ ಟೆಸ್ಟ್ ಹುಟ್ಟಿದ್ದೂ ಫ್ಯಾಕ್ಟರಿಯಾಗ ಅಂತ ಭಾಳ ಮಂದಿಗೆ ಗೊತ್ತಿಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಾಗ ಕೆಲಸ ಮಾಡ್ತಿದ್ದ ವಿಲಿಯಂ ಗಾಸೆಟ್ ಅನ್ನಾಂವಗ ನಾಲ್ಕೈದು ಸ್ಯಾಂಪಲ್ ಮ್ಯಾಲ ನಿರ್ಧಾರ ತಗೋಬೇಕಾಗಿತ್ತು, ಸಾವಿರಗಟ್ಟಲೆ ಅಳೀಲಿಕ್ಕೆ ಯಾರು ಬಿಡ್ತಾರ. 1908ರಾಗ ಲೆಕ್ಕ ಬರೆದು ಅಚ್ಚು ಹಾಕಿಸಿದ, ಕಂಪನಿ ತನ್ನ ಮಂದಿ ಸ್ವಂತ ಹೆಸರಿನ್ಯಾಗ ಬರೆಯಾಕ ಬಿಡ್ತಿರಲಿಲ್ಲ ಅಂತ ‘ಸ್ಟೂಡೆಂಟ್’ ಅಂತ ಹೆಸರು ಹಾಕಿದ. ಕಾಲೇಜಿನ್ಯಾಗ ಸ್ಟೂಡೆಂಟ್ಸ್ ಟಿ ಟೆಸ್ಟ್ ಅಂದಾಗ ನಾ ಭಾಳ ವರ್ಷ ಇದು ವಿದ್ಯಾರ್ಥಿಗಳಿಗೆ ಅಂತ ಮಾಡಿದ ಸುಲಭದ್ದು ಅನ್ಕೊಂಡಿದ್ದೆ.

ಪ್ರಶ್ನೆ: ಧಾರವಾಡ ಬೇಲೂರು ಏರಿಯಾದಾಗ ಕೆಲಸ. ನಮ್ಮ ಮ್ಯಾನೇಜರ್ ಸಾಹೇಬ್ರು ಟ್ರೇನಿಂಗ್ ಮುಗಿಸಿ ಬಂದು ತಾಸಿಗೊಮ್ಮೆ ಟಿ ಟೆಸ್ಟ್ ಮಾಡ್ರಿ, ಶೇ. 5 ದಾಟಿದ್ರ ಮಷಿನ್ ನಿಲ್ಲಸ್ರಿ ಅಂತಾರ. ವಾರದಾಗ ಎರಡು ಸಲ ನಿಲ್ಸೀವಿ, ಏನೂ ಸಿಗಲಿಲ್ಲ. ಆಪರೇಟರ್ ನಗಾಕತ್ತಾನ.

ಉತ್ತರ: ಆಪರೇಟರ್ ನಗೂದು ಸರಿ ಐತಿ. ಶೇ. 5 ಅಂದ್ರ ಏನೂ ಕೆಟ್ಟಿರದಿದ್ರೂ 20 ಸಲಕ್ಕ ಒಂದು ಸಲ ಸುಳ್ಳ ಸುಳ್ಳ ಗಂಟಿ ಬಾರಸ್ತೈತಿ ಅಂತ. ಒಂದು ಶಿಫ್ಟ್‌ನ್ಯಾಗ 8 ಟೆಸ್ಟ್ ಮಾಡಿದ್ರ ಒಂದಾದ್ರೂ ಸುಳ್ಳು ಗಂಟಿ ಬರೂ ಸಾಧ್ಯತೆ ಶೇ. 34ರ ಹತ್ರ, ಅಂದ್ರ ಮೂರು ದಿನಕ್ಕ ಒಂದು, ವಾರಕ್ಕ ಎರಡು. ನಿಮಗ ಬಂದದ್ದೂ ಅಷ್ಟ ನೋಡ್ರಿ! ಮಷಿನ್ ಮಾತಾಡಿಲ್ಲ, ಲೆಕ್ಕ ಮಾತಾಡೇತಿ. ಅಮೇರಿಕಾದಾಗ ವಾಲ್ಟರ್ ಶೂಹಾರ್ಟ್ 1924ರಾಗ ಕಂಟ್ರೋಲ್ ಚಾರ್ಟ್ (ಅಳತಿ ಚುಕ್ಕಿ ಇಟ್ಟು ಗೆರಿ ದಾಟ್ತೇನು ಅಂತ ನೋಡೂ ಗ್ರಾಫ್) ಅಂತ ಒಂದ ಪುಟದಾಗ ಬರೆದು ಕೊಟ್ಟ, ಅದರಾಗ ಗೆರಿ ಸರಾಸರಿಯಿಂದ ಮೂರು ಸಿಗ್ಮಾ, ಅಂದ್ರ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್, ದೂರ ಇರ್ತೈತಿ, ಹಂಗಾಗಿ ಸುಳ್ಳು ಗಂಟಿ ಸುಮಾರು 370 ಸಲಕ್ಕ ಒಂದು. ತಾಸಿಗೊಮ್ಮೆ ನೋಡೂ ಕೆಲಸಕ್ಕ ಅದ ಬೇಕು. ಟಿ ಟೆಸ್ಟ್ ಅನ್ನೂದು ‘ಹೊಸ ಇನ್ಸರ್ಟ್ (ಲೋಹ ಕೊರೆಯೂ ಟೂಲಿನ ತುದಿ) ಹಾಕಿದ್ವಿ, ಬದಲಾತಾ ಇಲ್ಲಾ’ ಅಂತ ಒಂದು ಸಲ ಕೇಳೂ ಪ್ರಶ್ನೆಗೆ. ಸಾಹೇಬ್ರಿಗೆ ಈ ಪುಟ ಟೇಬಲ್ ಮ್ಯಾಲ ಇಟ್ಟು ಬರ್ರಿ, ಕೈಯಾಗ ಕೊಡಬ್ಯಾಡ್ರಿ.

ಪ್ರಶ್ನೆ: ಗೋಕುಲ ರೋಡಿನ್ಯಾಗ ಜಾಬ್‌ವರ್ಕ್ ಶಾಪ್. ಒಂದು ಲಾಟ್ 2000 ಬುಶ್ (ಬೋರಿನ್ಯಾಗ ಕೂಡಸೂ ಪೊಳ್ಳು ಉರುಳಿ). ಹತ್ತು ಪೀಸ್ ಗೋ–ನೋಗೋ ಗೇಜ್ (ಅಳತಿ ಹದ್ದಿನ ಒಳಗ ಐತೋ ಇಲ್ಲೋ ಅಷ್ಟ ಹೇಳೂ ಸಾಧನ) ಹಾಕಿ ನೋಡ್ತೀವಿ, ಎಲ್ಲಾ ಓಕೆ ಆದ್ರ ಪಾಸ್. ಇಷ್ಟು ಸಾಕಾ?

ಉತ್ತರ: ಸಾಲೂದಿಲ್ಲ. ಅದೂ ಎರಡು ಕಾರಣಕ್ಕ, ಒಂದು ಲೆಕ್ಕದ್ದು, ಇನ್ನೊಂದು ನನ್ನ ಮಾನ ಹೋದದ್ದು.

ಲೆಕ್ಕದ್ದು ಮೊದ್ಲ. ಲಾಟ್‌ನ್ಯಾಗ ಶೇ. 2 ಕೆಟ್ಟ ಪೀಸ್ ಅದಾವ ಅನ್ಕೊಳ್ರಿ, 2000ಕ್ಕ 40. ಹತ್ತು ಪೀಸ್ ತೆಗೆದ್ರ ಒಂದೂ ಕೆಟ್ಟದ್ದು ಸಿಗದ ಇರೂ ಸಾಧ್ಯತೆ ಶೇ. 82. ಶೇ. 5 ಕೆಟ್ಟಿದ್ರೂ, ಅಂದ್ರ 100 ಪೀಸ್, ಶೇ. 60 ಸಲ ನಿಮ್ಮ ಹತ್ತೂ ಪೀಸ್ ಓಕೆ ಅಂತನ ಬರ್ತಾವ. ಇನ್ನೂ ಹೇಳ್ತೀನಿ, ನೂರಕ್ಕ 26 ಕೆಟ್ಟಿದ್ದ ಲಾಟೂ 20ರಾಗ ಒಂದು ಸಲ ನಿಮ್ಮ ಟೇಬಲ್ ದಾಟಿ ಹೋಗ್ತೈತಿ. ಒಂದು ಸುಲಭದ ಲೆಕ್ಕ ನೆನಪಿಟ್ಕೊಳ್ರಿ, ಒಂದೂ ಕೆಟ್ಟದ್ದು ಸಿಗದ ಇದ್ದಾಗ 3ನ್ನ ನೋಡಿದ ಪೀಸ್‌ಗಳ ಸಂಖ್ಯೆಯಿಂದ ಭಾಗಿಸಿದ್ರ ಬರೂದ ‘ಇದಕ್ಕಿಂತ ಹೆಚ್ಚು ಕೆಟ್ಟಿರಲಿಕ್ಕಿಲ್ಲ’ ಅಂತ ಶೇ. 95 ಧೈರ್ಯದಿಂದ ಹೇಳೂ ಮಾತು. 300 ನೋಡಿ ಒಂದೂ ಸಿಗದಿದ್ರ ಶೇ. 1ರ ಒಳಗ ಐತಿ ಅನ್ನಬಹುದು. 60 ನೋಡಿದ್ರ ಶೇ. 5ರ ಒಳಗ. 300 ಗೇಜ್ ಹಾಕಾಕ ಟೈಮ್ ಇಲ್ಲಾ ಅಂದ್ರ ಗೇಜ್ ಬಿಟ್ಟು ಮೈಕ್ರೋಮೀಟರ್ ಹಿಡೀರಿ, ಅಳತಿ ಬರೀರಿ, ಯಾಕಂದ್ರ ಗೇಜ್ ಹೌದು ಅಲ್ಲ ಅಷ್ಟ ಹೇಳ್ತೈತಿ, ಅಳತಿ ಮಾತ್ರ ಸರಾಸರಿ ಎಲ್ಲೈತಿ, ಟಾಲರನ್ಸ್ ಗೆರಿಗೆ (ಒಪ್ಪೂ ಅಳತಿಯ ಹದ್ದಿಗೆ) ಎಷ್ಟು ಹತ್ರ ಬಂದೈತಿ ಅಂತ ಹೇಳ್ತೈತಿ, ಅದಕ್ಕ ಕಮ್ಮಿ ಪೀಸ್‌ನ್ಯಾಗೂ ಕೆಲಸ ಆಗ್ತೈತಿ.

ಇನ್ನ ಮಾನದ ಕಥಿ. ನಾ ಹೊಸದಾಗಿ ಸೇರಿದ್ದ ಒಂದು ಶಾಪ್‌ನ್ಯಾಗ, ಹೆಸರು ಬ್ಯಾಡ, ಬುಶ್ ಲಾಟ್ ಚೆಕ್ ಮಾಡಿದ್ದೆ, ಹತ್ತಲ್ಲ, ಹಟ ಹಿಡಿದು ಮೂವತ್ತು ಪೀಸ್ ಅಳೆದೆ, ಎಲ್ಲಾ ನಡು ಗೆರಿಗೆ ಮುತ್ತಿನಂಗ. ಸಹಿ ಹಾಕಿ ಕಳಿಸಿದೆ. ನಾಲ್ಕನೇ ದಿನ ಟೆಂಪೋ ವಾಪಸ್ ಬಂತು, ಬುಶ್ ಬೋರಿನ್ಯಾಗ ಕೂಡೂದಿಲ್ಲ, ಓ.ಡಿ., ಅಂದ್ರ ಹೊರಗಿನ ಡಯಾ, ದೊಡ್ಡದು. ಆಗಿದ್ದು ಇಷ್ಟ, ನಾ ಟ್ರೇದ ಮ್ಯಾಲಿನ ಪೀಸ್ ತಗೊಂಡಿದ್ದೆ, ಬಗ್ಗಿ ಕೆಳಗ ಕೈ ಹಾಕಿರಲಿಲ್ಲ. ಮ್ಯಾಲ ಇರೂದು ಕೊನೆಗೆ ಆದ ಪೀಸ್. ಆಪರೇಟರ್ ಕೊನೆಗೆ ಇನ್ಸರ್ಟ್ ಬದಲಿ ಮಾಡಿದ್ದ, ಹಂಗಾಗಿ ಕೊನೆದು ಚಲೋ. ಅದಕ್ಕಿಂತ ಮೊದ್ಲ ಇನ್ಸರ್ಟ್ ಸವೆದು ಸವೆದು ಹೊರಗಿನ ಡಯಾ ದೊಡ್ಡದಾಗಿ ಹೋಗಿತ್ತು, ಅವೆಲ್ಲಾ ಟ್ರೇದ ತಳದಾಗ. ಟೆಸ್ಟ್‌ನ ಲೆಕ್ಕದಾಗ ಒಂದು ತಪ್ಪಿರಲಿಲ್ಲ. ಬ್ಯಾಡಗಿ ಮಾರ್ಕೆಟ್‌ಗೆ ಹೋಗ್ರಿ, ಖರೀದಿದಾರ ಚೀಲದ ಬಾಯಾಗಿನ ಕೆಂಪನ್ನ ಮೆಣಸಿನಕಾಯಿ ನೋಡಿ ರೇಟ್ ಕೂಗಾಂಗಿಲ್ಲ, ಒಳಗ ಕೈ ತುರುಕಿ ತಳದ್ದು ಎಳೀತಾನ, ಹಸಿ ಐತೇನು ಅಂತ ಮುರಿದು ನೋಡ್ತಾನ. ಅಂವ ಸ್ಟ್ಯಾಟಿಸ್ಟಿಕ್ಸ್ ಓದಿಲ್ಲ, ನಾ ಓದಿದ್ದೆ.

ಪ್ರಶ್ನೆ: ಅಣ್ಣಾರ, ಗದಗ ಹತ್ರ ನಾವು ಎಂಟು ಮಂದಿ ಹೆಣ್ಮಕ್ಕಳು ಕೂಡಿ ಖಡಕ್ ರೊಟ್ಟಿ ಮಾಡಿ ಹುಬ್ಬಳ್ಳಿ ಅಂಗಡಿಗೆ ಕಳಸ್ತೀವಿ. ಹತ್ತು ರೊಟ್ಟಿಗೆ ಒಂದು ಪ್ಯಾಕೆಟ್. ಮುರಿದ ರೊಟ್ಟಿ ವಾಪಸ್ ಬರ್ತಾವ. ದಪ್ಪ ಕವರ್ ಹಾಕಿ ನೋಡಿದ್ವಿ. ಹಳೇ ಕವರಿನ್ಯಾಗ 300ಕ್ಕ 18 ಮುರಿದಿದ್ವು, ಹೊಸದ್ರಾಗ 300ಕ್ಕ 9. ಅರ್ಧಕ್ಕ ಅರ್ಧ ಕಮ್ಮಿ ಆತಲ್ಲ, ದಪ್ಪ ಕವರ್ ಕಾಯಂ ತಗೋಬಹುದಾ?

ಉತ್ತರ: ಅಕ್ಕಾರ, ಈ ಸಂಚಿಕೆದಾಗ ಬಂದ ಎಲ್ಲಾ ಪ್ರಶ್ನೆಗಿಂತ ನಿಮ್ದು ಚಲೋ ಐತಿ, ಮತ್ತ ನೀವು ಎರಡನ್ನೂ ಎಣಿಸಿ ಬರೆದಿಟ್ಟೀರಲ್ಲ, ಅದನ್ನ ಭಾಳ ಫ್ಯಾಕ್ಟರಿ ಮಾಡೂದಿಲ್ಲ.

ಪುಸ್ತಕದ ಲೆಕ್ಕ ಹಾಕಿದ್ರ, ಎರಡೂ ಕವರ್ ಒಂದ ಅಂತ ಹಟ ಹಿಡಿದ್ರ ಒಟ್ಟು 600ಕ್ಕ 27 ಮುರಿದಂಗ, ಶೇ. 4.5. ನಿಮ್ಮ ವ್ಯತ್ಯಾಸ ಶೇ. 3, ಅದರ ಸಹಜ ಅಲುಗಾಟ ಶೇ. 1.7, ಭಾಗಿಸಿದ್ರ 1.77. ಶೇ. 5ಕ್ಕ ಎರಡೂ ದಿಕ್ಕಿನ ಗೆರಿ 1.96, ದಾಟಲಿಲ್ಲ. ಅಂದ್ರ ಕವರಿನ್ಯಾಗ ಫರಕ್ ಇಲ್ಲದಿದ್ರೂ ಸುಮ್ನ ನಸೀಬಿನಿಂದ ಇಷ್ಟು ಅಂತರ 100ಕ್ಕ ಏಳೆಂಟು ಸಲ ಬರಬಹುದು. ‘ಅರ್ಧಕ್ಕ ಅರ್ಧ’ ಅನ್ನೂದು ಕಿವಿಗೆ ದೊಡ್ಡದು ಕೇಳಸ್ತೈತಿ, 18ಕ್ಕೂ 9ಕ್ಕೂ ಇರೂ ಅಂತರ ಬರೀ ಒಂಬತ್ತು ರೊಟ್ಟಿ.

ಆದ್ರ ನಿಮ್ಮ ವಿಷಯದಾಗ ಈ ಪುಸ್ತಕದ ಲೆಕ್ಕಾನೂ ಪೂರಾ ನಂಬಬ್ಯಾಡ್ರಿ. ಆ ಲೆಕ್ಕ ಒಂದೊಂದ ರೊಟ್ಟಿ ತನ್ನ ಪಾಡಿಗೆ ತಾ ಮುರೀತೈತಿ ಅಂತ ತಿಳ್ಕೊಂಡೈತಿ. ರೊಟ್ಟಿ ಹಂಗ ಮುರಿಯೂದಿಲ್ಲಲ್ಲ! ಬಸ್ಸಿನ ಟಾಪ್ ಮ್ಯಾಲ ಯಾರೋ ಪ್ಯಾಕೆಟ್ ಮ್ಯಾಲ ಗಂಟು ಒಗೆದ್ರ ಒಮ್ಮೆಗೆ ಆರು ಮುರೀತಾವ. ನಿಮ್ಮ 18 ರೊಟ್ಟಿ ಬರೀ ಮೂರು ಪ್ಯಾಕೆಟ್‌ನ್ಯಾಗ ಇದ್ವೇನು, ಹದಿನೆಂಟು ಪ್ಯಾಕೆಟ್‌ನ್ಯಾಗ ಒಂದೊಂದ ಇದ್ವೇನು? ಮೂರು ಪ್ಯಾಕೆಟ್ ಇದ್ರ ನಿಮ್ಮ ಹತ್ರ ಇರೂ ಸಾಕ್ಷಿ 18 ಅಲ್ಲ, ಮೂರು. ಇನ್ನ ಹಳೇ ಕವರ್ ಸೋಮವಾರ ಕಳಿಸಿ, ಹೊಸದು ಗುರುವಾರ ಬ್ಯಾರೆ ಬಸ್ಸಿನ್ಯಾಗ ಕಳಿಸಿದ್ರ ಬಸ್ಸಿನ ಗುಣ ಕವರಿಗೆ ಹತ್ತತೈತಿ.

ಹಿಂಗ ಮಾಡ್ರಿ. ಒಂದ ಡಬ್ಬಿಯೊಳಗ ಅರ್ಧ ಹಳೇ ಕವರ್, ಅರ್ಧ ಹೊಸ ಕವರ್, ಮ್ಯಾಲ ಕೆಳಗ ಕಲಿಸಿ ಇಡ್ರಿ, ಒಂದ ಬಸ್. ಹಿಂಗ 15, 20 ಡಬ್ಬಿ ಹೋಗಲಿ. ಪ್ರತಿ ಡಬ್ಬಿಗೆ ಯಾವ ಕವರಿನ್ಯಾಗ ಮುರಿದ ಪ್ಯಾಕೆಟ್ ಹೆಚ್ಚು ಅಂತ ಅಷ್ಟ ಬರೀರಿ, ಸಮ ಆದ ಡಬ್ಬಿ ಬಿಟ್ಟುಬಿಡ್ರಿ. ಕವರ್ ಎರಡೂ ಒಂದ ಆಗಿದ್ರ ಅದು ನಾಣ್ಯ ಚಿಮ್ಮಿದಂಗ, ಅರ್ಧ ಡಬ್ಬಿ ಹಿಂಗ ಅರ್ಧ ಹಂಗ. 15 ಡಬ್ಬಿಯಾಗ 12 ಸಲ ಹಳೇ ಕವರ್ ಸೋತ್ರ ಬರೀ ನಸೀಬು ಅನ್ನಾಕ ಬಾಯಿ ಬರೂದಿಲ್ಲ, ಅದರ ಸಾಧ್ಯತೆ ಶೇ. 2ಕ್ಕಿಂತ ಕಮ್ಮಿ. ಕ್ಯಾಲ್ಕುಲೇಟರೂ ಬ್ಯಾಡ ಇದಕ್ಕ. ಆಮ್ಯಾಲ ಕವರಿಗೆ ಹೆಚ್ಚು ಕೊಡೂ ರೊಕ್ಕ, ಉಳಿಯೂ ರೊಟ್ಟಿ ರೊಕ್ಕ ಎರಡೂ ಎದುರಾ ಬದುರಾ ಇಟ್ಟು ನೋಡ್ರಿ, ಫರಕ್ ಖರೇ ಇದ್ರೂ ಲಾಭ ಇಲ್ಲದ ಇರಬಹುದು.

ಪ್ರಶ್ನೆ: ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ. ಪಿ ವ್ಯಾಲ್ಯೂ 0.03 ಬಂದ್ರ ಮಾಲು ಕೆಟ್ಟಿರೂ ಸಾಧ್ಯತೆ ಶೇ. 97 ಅಲ್ವಾ? ಮತ್ತ ನಲ್ ಹೈಪಾಥಿಸಿಸ್ ‘ಅಕ್ಸೆಪ್ಟ್’ ಅಂತ ಬರೆದ್ರ ನಮ್ಮ ಮೇಡಂ ಮಾರ್ಕ್ಸ್ ಕಟ್ ಮಾಡ್ತಾರ, ಯಾಕ?

ಉತ್ತರ: ಅಲ್ಲವಾ ತಂಗಿ. ಪಿ ವ್ಯಾಲ್ಯೂ ಅಂದ್ರ ‘ಮಾಲು ಚಲೋ ಇದ್ರ ಇಂಥಾ ಸ್ಯಾಂಪಲ್ ಬರೂದು ಎಷ್ಟು ಅಪರೂಪ’ ಅಂತ. ನೀ ಕೇಳೂದು ತಿರುಗಾಮುರುಗಾ, ‘ಇಂಥಾ ಸ್ಯಾಂಪಲ್ ಬಂದೈತಿ, ಮಾಲು ಚಲೋ ಐತೇನು’ ಅಂತ. ಅದಕ್ಕ ಉತ್ತರ ಬೇಕಂದ್ರ ಆ ಶಾಪ್‌ನ್ಯಾಗ ಕೆಟ್ಟ ಲಾಟ್ ಎಷ್ಟು ಸಲ ಬರ್ತಾವ ಅನ್ನೂದೂ ಗೊತ್ತಿರಬೇಕು, ಪಿ ವ್ಯಾಲ್ಯೂಗೆ ಅದು ಗೊತ್ತಿಲ್ಲ.

ಮಾರ್ಕ್ಸ್ ವಿಷಯದಾಗ ನಾ ಮೇಡಂ ಕಡೆ. ಬಣವ್ಯಾಗ ಹಾವು ಹೊಕ್ಕೈತಿ ಅಂತ ಯಾರೋ ಅಂದ್ರು ಅನ್ಕೋ, ನೀ ಕಡ್ಡಿ ಗೀರಿ ಒಂದು ಸುತ್ತು ಹಾಕಿ ಬಂದಿ, ಕಾಣಲಿಲ್ಲ. ‘ಹಾವು ಕಾಣಲಿಲ್ಲ’ ಅನ್ನು, ಒಪ್ತೀನಿ, ‘ಹಾವು ಇಲ್ಲ’ ಅಂದ್ರ ಮೇವು ಹಿರಿಯಾಕ ನಿನ್ನನ್ನ ಮುಂದ ಕಳಸ್ತೀನಿ. ಐದು ಪೀಸ್ ಅಳೆದು ಟೆಸ್ಟ್ ಪಾಸ್ ಅನ್ನೂದು ಕಡ್ಡಿ ಬೆಳಕು. ಬಣವಿ ಪೂರಾ ಕೆಡವಿ ನೋಡಿದ್ರ ಮಾತು ಬ್ಯಾರೆ, ಅದಕ್ಕ ಟೆಸ್ಟ್‌ನ ಪವರ್ ಅಂತಾರ. ನೇಮನ್ ಮತ್ತ ಪಿಯರ್ಸನ್ 1933ರ ಹೊತ್ತಿಗೆ ಈ ಎರಡು ತಪ್ಪು ಬ್ಯಾರೆ ಬ್ಯಾರೆ ಮಾಡಿ ಇಟ್ರು, ಚಲೋ ಮಾಲನ್ನ ತಳ್ಳೂದು ಒಂದು, ಕೆಟ್ಟ ಮಾಲನ್ನ ಬಿಡೂದು ಇನ್ನೊಂದು. ಶಾಪ್‌ನ್ಯಾಗ ಮೊದಲ್ನೇದಕ್ಕ ಪ್ರೊಡ್ಯೂಸರ್ಸ್ ರಿಸ್ಕ್, ಎರಡನೇದಕ್ಕ ಕನ್ಸ್ಯೂಮರ್ಸ್ ರಿಸ್ಕ್ ಅಂತಾರ, ಆ ಹೆಸರಿನ್ಯಾಗ ನೆನಪಿಟ್ಟ್ರ ಪರೀಕ್ಷೆದಾಗ ಅದಲು ಬದಲು ಆಗೂದಿಲ್ಲ.

ಪ್ರಶ್ನೆ: ನಮ್ಮಲ್ಲೆ ವೆಲ್ಡಿಂಗ್ ಜಾಯಿಂಟ್ ಎಳೆದು ಮುರಿದ ನೋಡಬೇಕು. ಮುರಿದದ್ದು ಸ್ಕ್ರ್ಯಾಪ್. ಮಾಲಕ್ರು ಕಮ್ಮಿ ಮುರೀರಿ ಅಂತಾರ. ಫಲಿತಾಂಶ ಬಂದ ಕೂಡ್ಲೇ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಬಹುದು, ಆದ್ರ ಯಾವಾಗ ನಿಲ್ಲಸ್ತೀನಿ ಅಂತ ಮೊದ್ಲ ಬರೆದಿಟ್ರ ಮಾತ್ರ. ಒಂದೊಂದ ಮುರೀತಾ ನಮಗ ಬೇಕಾದ ಉತ್ತರ ಬಂದ ಕೂಡ್ಲೇ ಸಾಕು ಅಂದ್ರ ಅದು ಟೆಸ್ಟ್ ಅಲ್ಲ, ಇಸ್ಪೀಟಿನ್ಯಾಗ ಗೆದ್ದ ಕೂಡ್ಲೇ ಎದ್ದು ಹೋಗೂ ಆಟ. ಎರಡನೇ ಮಹಾಯುದ್ಧದ ಹೊತ್ತಿನ್ಯಾಗ ಅಬ್ರಹಾಂ ವಾಲ್ಡ್ ಅನ್ನೂ ಗಣಿತಜ್ಞ ಇದಕ್ಕಂತನ ಸೀಕ್ವೆನ್ಶಿಯಲ್ ಟೆಸ್ಟ್ ಮಾಡಿದ. ಗ್ರಾಫ್ ಮ್ಯಾಲ ಎರಡು ಓರೆ ಗೆರಿ, ಪ್ರತಿ ಪೀಸಿಗೂ ಒಂದು ಚುಕ್ಕಿ, ಮ್ಯಾಲಿನ ಗೆರಿ ದಾಟಿದ್ರ ರಿಜೆಕ್ಟ್, ಕೆಳಗಿನದು ದಾಟಿದ್ರ ಪಾಸ್, ನಡುವ ಇದ್ರ ಇನ್ನೊಂದು ಮುರಿ. ಭಾಳ ಚಲೋ ಮಾಲು, ಭಾಳ ಕೆಟ್ಟ ಮಾಲು ಎರಡೂ ಬೇಗ ಗೊತ್ತಾಗ್ತಾವ, ಸರಾಸರಿಯಾಗಿ ಸ್ಕ್ರ್ಯಾಪ್ ಕಮ್ಮಿ. ಆ ಪುಣ್ಯಾತ್ಮ ನಮ್ಮ ದೇಶಕ್ಕ ಉಪನ್ಯಾಸ ಕೊಡಾಕ ಬಂದಾಗ 1950ರ ಡಿಸೆಂಬರಿನ್ಯಾಗ ನೀಲಗಿರಿ ಬೆಟ್ಟದಾಗ ವಿಮಾನ ಬಿದ್ದು ತೀರಿಹೋದ, ಹೆಂಡ್ತಿನೂ ಜೊತೆಗಿದ್ಲು.

ಪ್ರಶ್ನೆ: ಇದೆಲ್ಲಾ ಎಕ್ಸೆಲ್‌ನ್ಯಾಗ ಬರ್ತೈತೇನ್ರಿ? ಟಿ.ಟೆಸ್ಟ್ ಫಾರ್ಮುಲಾ ಎರಡು ಕಾಲಂ ಕೇಳ್ತೈತಿ, ನಮ್ಮ ಹತ್ರ ಒಂದ ಐತಿ. (ಹಾವೇರಿ)

ಉತ್ತರ: ಬರ್ತೈತಿ, ಸಣ್ಣ ಕಳ್ಳದಾರಿ ಐತಿ. ಮೊದಲ್ನೇ ಕಾಲಂದಾಗ ನಿಮ್ಮ ತೂಕ, ಎರಡನೇದ್ರಾಗ ಎಲ್ಲಾ ಸಾಲಿಗೂ 200 ತುಂಬ್ರಿ. ಫಾರ್ಮುಲಾದಾಗ ಟೇಲ್ಸ್ ಜಾಗಕ್ಕ 1, ಟೈಪ್ ಜಾಗಕ್ಕ 1, ಅಂದ್ರ ಜೋಡಿ ಟೆಸ್ಟ್. ದಿಕ್ಕು ಅದಕ್ಕ ತಿಳಿಯೂದಿಲ್ಲ, ಸರಾಸರಿ 200ಕ್ಕಿಂತ ಕೆಳಗೈತೋ ಮ್ಯಾಲೈತೋ ಕಣ್ಣಿಲೆ ನೋಡ್ಕೊಳ್ರಿ. ಬ್ಯಾಡಗಿಯವರ 12 ತೂಕ ಹಾಕಿ ಒತ್ತಿದ್ರ 0.024ರ ಹತ್ರ ಬರಬೇಕು, ಬರಲಿಲ್ಲ ಅಂದ್ರ ಎಲ್ಲೋ ಒಂದು ಪಾಯಿಂಟ್ ತಪ್ಪಿ ಒತ್ತೀರಿ.